ಬಲ್ಮಠದ ಸೆಮಿನರಿ ಮತ್ತು ತುಳುನಾಡಿನ ಸಭಾಪಾಲನೆ

ಸಭಾಪಾಲಕರಾಗುವವರನ್ನು ಒಂದೇ ಸೂರಿನಡಿ ಇರಿಸಿ ಪಾಠ, ಪ್ರಾರ್ಥನೆ, ಊಟ ಎಲ್ಲವನ್ನೂ ಒಟ್ಟಾಗಿ ನಡೆಸುವ ಕ್ರಮ ಆಂಗ್ಲಿಕನ್ ಸಭೆಯಲ್ಲಿಯೂ ಬಹು ಪುರಾತನವಾದುದಲ್ಲ. ಇಂಗ್ಲೆಂಡಿನಲ್ಲಿ ವಿಶ್ವವಿದ್ಯಾಲಯದ ಪದವಿಯೇ ದೀಕ್ಷೆಗೆ ಸಾಕೆಂಬ ಭಾವನೆ ದೀರ್ಘಕಾಲ ಉಳಿದಿತ್ತು. ಚಿಚೆಸ್ಟರಿನ ಕಾಲೇಜು ಆರಂಭವಾದದ್ದು 1839ರಲ್ಲಿ, ವೆಲ್ಸಿನದು 1840ರಲ್ಲಿ, ಕಡ್ಸ್‌ಡನ್ನಿನದು 1854ರಲ್ಲಿ. ಮಂಗಳೂರಿನ ಬಲ್ಮಠ ಗುಡ್ಡದ ಸೆಮಿನರಿ 1847ರಷ್ಟು ಹಿಂದಿನದು ಎಂಬುದನ್ನು ನಮ್ಮ ವಿದ್ಯಾರ್ಥಿಗಳು ಗಮನಿಸಬೇಕು. ಅದು ಹುಟ್ಟಿದ್ದು ಬೇರೆ ಬೇರಿನಿಂದ, ಬಾಸೆಲ್ ಮಿಶನ್ ಮನೆಯ ಭಕ್ತಿಪಂಥದ ಶಿಸ್ತಿನಿಂದ.

ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಿಶನರಿಗಳು ಮಂಗಳೂರಿಗೆ ಬಂದದ್ದು 1834ರಲ್ಲಿ. ಅವರ ಹಿಂದೆ ಬಂದ ಹರ್ಮನ್ ಮೋಗ್ಲಿಂಗ್ ಉಪದೇಶಿಗಳ ಶಿಕ್ಷಣಕ್ಕೆ ನೆಲೆ ಒದಗಿಸಿದರು. 1844ರಲ್ಲಿ ದೀಕ್ಷಾಸ್ನಾನ ಹೊಂದಿದ ಹರ್ಮನ್ ಆನಂದರಾವ್ ಕೌಂಡಿನ್ಯರು ಬಾಸೆಲಿನಲ್ಲಿ ಕಲಿತು, 1851ರಲ್ಲಿ ಸಭಾಪಾಲಕ ದೀಕ್ಷೆ ಪಡೆದು, ಇದೇ ಸೆಮಿನರಿಯಲ್ಲಿ ಬೋಧಕರಾದರು. ಈ ನಾಡಿನವನೊಬ್ಬನು ಗುರುವಿನ ಪೀಠದಲ್ಲಿ ಕುಳಿತದ್ದು ಅಷ್ಟು ಬೇಗ ಎಂಬುದು ಸಣ್ಣ ಮಾತಲ್ಲ.

ಆದರೆ ಆ ಗುಡ್ಡದ ಮೇಲೆ ಯಾವ ಭಾಷೆಯಲ್ಲಿ ಕಲಿಸಬೇಕಿತ್ತು? ಇಲ್ಲಿಯೇ ನಮ್ಮ ಇತಿಹಾಸದ ಗಂಟು ಇದೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಕಡೆ ಮನೆಯಂಗಳದ ಮಾತು ತುಳು. ಬರಹದ ಮಾತು ಕನ್ನಡ. ಈ ವಿಭಾಗವನ್ನು ಮಿಶನರಿಗಳು ಹುಟ್ಟುಹಾಕಲಿಲ್ಲ. ಹದಿನಾರನೆಯ ಶತಮಾನದಲ್ಲಿ ಮೂಡುಬಿದಿರೆಯ ರತ್ನಾಕರವರ್ಣಿ ‘ಭರತೇಶ ವೈಭವ’ವನ್ನು ಬರೆದದ್ದೂ ಕನ್ನಡದಲ್ಲಿಯೇ. ಮೋಗ್ಲಿಂಗರು 1848ರಿಂದ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳನ್ನು ಅಚ್ಚು ಹಾಕಿಸಿದರು. ಕನ್ನಡದ ಸ್ವಂತ ಸಾಹಿತ್ಯವನ್ನು ಅರಿಯದೆ ಕನ್ನಡದಲ್ಲಿ ಪ್ರಸಂಗ ಮಾಡಲಾಗದೆಂಬ ತಿಳಿವಳಿಕೆ ಇದರ ಹಿಂದೆ ಇದ್ದಿತೆಂದು ನಾವು ಭಾವಿಸುತ್ತೇವೆ.

ತುಳುವನ್ನೂ ಅವರು ಕೈಬಿಡಲಿಲ್ಲ. 1842ರಲ್ಲಿ ಮತ್ತಾಯನ ಸುವಾರ್ತೆ, 1847ರಲ್ಲಿ ಹೊಸ ಒಡಂಬಡಿಕೆ ತುಳುವಿನಲ್ಲಿ ಬಂದವು; ಬ್ರಿಗೆಲರ ವ್ಯಾಕರಣ 1872ರಲ್ಲಿ, ಮ್ಯಾನರರ ತುಳು-ಇಂಗ್ಲಿಷ್ ನಿಘಂಟು 1886ರಲ್ಲಿ ಪ್ರಕಟವಾದವು. ತುಳು ವೇದವಾಕ್ಯ ಕನ್ನಡ ಲಿಪಿಯಲ್ಲಿ ಅಚ್ಚಾದುದರಿಂದ ಕನ್ನಡ ಓದಬಲ್ಲ ಉಪದೇಶಿ ತುಳುವನ್ನೂ ಓದಬಲ್ಲವನಾದ. ಆದರೂ ಓದಲು ಬರುವುದು ಬೇರೆ, ರೋಗಿಯ ಹಾಸಿಗೆಯ ಬಳಿ ಕುಳಿತು ತುಳುವಿನಲ್ಲಿ ಪ್ರಾರ್ಥಿಸಲು ಬರುವುದು ಬೇರೆ. ಸೆಮಿನರಿಯ ಗೋಡೆಗಳೊಳಗಿನ ವರ್ಷಗಳು ಮೊದಲನೆಯದನ್ನು ಧಾರಾಳವಾಗಿ ಕೊಟ್ಟವು. ಎರಡನೆಯದನ್ನು ವಿದ್ಯಾರ್ಥಿ ಮನೆಯಿಂದಲೇ ತರಬೇಕಿತ್ತು.

1914ರ ಯುದ್ಧ ಜರ್ಮನ್ ಮಿಶನರಿಗಳನ್ನು ಇಲ್ಲಿಂದ ದೂರ ಮಾಡಿತು. ಆಂಗ್ಲಿಕನ್ ಎಳೆ ಬಲ್ಮಠಕ್ಕೆ ಸೇರಿದ್ದು ಸಭೆಗಳ ಐಕ್ಯದ ಮೂಲಕ. 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆ ಸ್ಥಾಪಿತವಾದಾಗ, ಬಿಷಪರಿಲ್ಲದ ಸಂಪ್ರದಾಯಗಳಲ್ಲಿ ದೀಕ್ಷೆ ಹೊಂದಿದ್ದವರ ಮೇಲೆ ಮತ್ತೆ ಹಸ್ತಾರ್ಪಣೆ ಮಾಡಲಿಲ್ಲ. ಮುಂದಿನ ದೀಕ್ಷೆಗಳು ಮಾತ್ರ ಬಿಷಪರಿಂದಲೇ ಆಗಬೇಕೆಂದು ಗೊತ್ತುಮಾಡಲಾಯಿತು. ಇಂಗ್ಲೆಂಡಿನಲ್ಲಿ ಕೆಲವರು ಇದನ್ನು ಬಲವಾಗಿ ಆಕ್ಷೇಪಿಸಿದರು. ನಮಗಾದರೋ, ಒಬ್ಬರ ಸೇವೆಯನ್ನು ಇನ್ನೊಬ್ಬರು ಅಲ್ಲಗಳೆಯದೆ ಒಂದಾದ ಆ ನಿರ್ಣಯವೇ ಐಕ್ಯದ ಅತ್ಯಂತ ಧೈರ್ಯದ ಭಾಗವೆಂದು ತೋರುತ್ತದೆ. 1965ರಲ್ಲಿ ಬಲ್ಮಠದ ಸೆಮಿನರಿಯೂ ತುಮಕೂರಿನ ಯೂನಿಯನ್ ಕೆನರೀಸ್ ಸೆಮಿನರಿಯೂ ಕೂಡಿ ಕರ್ನಾಟಕ ಥಿಯಲಾಜಿಕಲ್ ಕಾಲೇಜಾಯಿತು. ಬಯಲುಸೀಮೆಯ ಕನ್ನಡವೂ ಕರಾವಳಿಯ ಕನ್ನಡವೂ ಒಂದೇ ಊಟದ ಮನೆಯಲ್ಲಿ ಕುಳಿತವು.

ಇದರಿಂದ ಹಳೆಯ ಗಂಟು ಹೊಸದಾಗಿ ಬಿಗಿಯಿತು. ಉತ್ತರ ಕರ್ನಾಟಕದ ಊರಿನಿಂದ ಬಂದ ವಿದ್ಯಾರ್ಥಿಗೆ ತುಳು ಮನೆಯಿಂದ ತರುವ ಸೊತ್ತೂ ಅಲ್ಲ. ಅಂಥವನು ಬೆಳ್ತಂಗಡಿಯ ತೋಟದ ಮನೆಯೊಂದಕ್ಕೆ ಸಂದರ್ಶನಕ್ಕೆ ಹೋದರೆ ಹಿರಿಯರು ಗೌರವದಿಂದ ಕನ್ನಡದಲ್ಲಿ ಉತ್ತರಿಸುತ್ತಾರೆ, ದುಃಖವನ್ನು ಮಾತ್ರ ತಮ್ಮತಮ್ಮಲ್ಲಿ ತುಳುವಿನಲ್ಲಿ ಹೇಳಿಕೊಳ್ಳುತ್ತಾರೆ. ಗ್ರೀಕಿಗೂ ಇಬ್ರಿಯಕ್ಕೂ ಪಾಠದ ಗಂಟೆಗಳನ್ನು ಮೀಸಲಿಡುವ ನಾವು, ತುಳುನಾಡಿಗೆ ನೇಮಕವಾಗುವವರಿಗೆ ದೀಕ್ಷೆಯ ಮೊದಲು ಕೆಲವು ತಿಂಗಳಾದರೂ ಬಂಟ್ವಾಳದಂಥ ಊರಿನ ಒಂದು ಮನೆಯಲ್ಲಿ ವಾಸದ ಏರ್ಪಾಡು ಮಾಡುವುದು ಕಷ್ಟವೇನಲ್ಲ.