ಮದುವೆಯ ಹೂವಿನ ಲೆಕ್ಕ

ಕಳೆದ ಫಾಲ್ಗುಣ ಮಾಸದಲ್ಲಿ ನಮ್ಮ ಕಿರಿಯ ಮಗಳ ವಿವಾಹವು ಜರುಗಿತು. ಅದಕ್ಕೆ ಎರಡು ತಿಂಗಳು ಮುಂಚೆ ಮಂಟಪಾಲಂಕಾರದ ಗುತ್ತಿಗೆದಾರರೊಬ್ಬರು ಮನೆಗೆ ಬಂದು, ಹೂವಿನ ಬಾಬ್ತು ಒಂದು ಪಟ್ಟಿಯನ್ನು ಬರೆದುಕೊಟ್ಟರು. ಅದರ ಮೊತ್ತವು ನನ್ನ ನಾಲ್ಕು ತಿಂಗಳ ನಿವೃತ್ತಿವೇತನಕ್ಕೆ ಸಮನಾಗಿದ್ದಿತು. ಸಾಲವೆತ್ತುವುದೊಂದೇ ದಾರಿಯೆಂದು ನಾನು ಚಿಂತಿಸುತ್ತಿರಲು, ಮಗಳು ಆ ಪಟ್ಟಿಯನ್ನು ಓದಿ, “ಅಪ್ಪಾ, ಮದುವೆಗೆ ಇಷ್ಟು ಹೂವು ಬೇಕೆಂದು ಶಾಸ್ತ್ರದಲ್ಲಿ ಎಲ್ಲಿ ಹೇಳಿದೆ?” ಎಂದು ಕೇಳಿದಳು. 35 ವರ್ಷ ಪಾಠ ಹೇಳಿದವನಿಗೆ ಆ ಕ್ಷಣದಲ್ಲಿ ಉತ್ತರವು ತೋಚಲಿಲ್ಲ. ತರುವಾಯ ಹಳೆಯ ಗ್ರಂಥಗಳನ್ನು ತೆಗೆದು ನೋಡಿದೆನು. ಅಲ್ಲಿ ಕಂಡುದನ್ನೂ, ಪೇಟೆಯಲ್ಲಿ ಕಲಿತುದನ್ನೂ ವಾಚಕ ಮಹಾಶಯರಲ್ಲಿ ಅರಿಕೆ ಮಾಡಿಕೊಳ್ಳುವೆನು.

ಆಶ್ವಲಾಯನ ಗೃಹ್ಯಸೂತ್ರವನ್ನು ನೋಡಿದರೆ ಪಾಣಿಗ್ರಹಣ, ಅಗ್ನಿಪ್ರದಕ್ಷಿಣೆ, ಅಶ್ಮಾರೋಹಣ, ಲಾಜಹೋಮ, ಸಪ್ತಪದಿ ಇವೇ ವಿವಾಹದ ಮುಖ್ಯಾಂಗಗಳಾಗಿ ಕಾಣುತ್ತವೆ. ಪುಷ್ಪಮಂಟಪವು ಇವುಗಳಲ್ಲಿ ಸೇರಿಲ್ಲ. ಆದರೆ ದೇಶದೇಶಗಳ, ಗ್ರಾಮಗ್ರಾಮಗಳ ಆಚಾರಗಳು ಬಗೆಬಗೆಯಾಗಿರುವುದೆಂದೂ, ವಿವಾಹದಲ್ಲಿ ಅವನ್ನು ಅನುಸರಿಸಬೇಕೆಂದೂ ಆ ಸೂತ್ರಕಾರನೇ ಹೇಳಿರುವನು. ಆದುದರಿಂದ ಹೂವು ದೇಶಾಚಾರಕ್ಕೆ ಸೇರಿದುದು. ಆಯಾ ನಾಡಿನಲ್ಲಿ ಬೆಳೆದುದನ್ನು ಆಯಾ ಮನೆಯ ಶಕ್ತ್ಯನುಸಾರವಾಗಿ ಮುಡಿಯತಕ್ಕದ್ದು.

ಕಾಳಿದಾಸನು ಈ ವಿಷಯದಲ್ಲಿ ನಮಗೆ ಒಳ್ಳೆಯ ಸಾಕ್ಷಿ. ರಘುವಂಶದ ಆರನೆಯ ಸರ್ಗದಲ್ಲಿ ರಾಜಕುಮಾರಿಯಾದ ಇಂದುಮತಿಯು ಸ್ವಯಂವರಮಂಟಪಕ್ಕೆ ಬಂದಾಗ ಧರಿಸಿದ ಮಾಲೆಯು ದೂರ್ವೆ ಬೆರೆತ ಮಧೂಕಪುಷ್ಪದ್ದು. ಕುಮಾರಸಂಭವದ ಏಳನೆಯ ಸರ್ಗದಲ್ಲಿ, ಪರ್ವತರಾಜನ ಪುತ್ರಿಯಾದ ಪಾರ್ವತಿಯ ಕೇಶವನ್ನು ಸಖಿಯೊಬ್ಬಳು ಕಟ್ಟಿದುದೂ ಅಂಥದೇ ಮಾಲೆಯಿಂದ. ಮಧೂಕವೆಂದರೆ ನಮ್ಮ ಇಪ್ಪೆ, ದೂರ್ವೆಯೆಂದರೆ ಗರಿಕೆ. ಒಂದು ಮರದಡಿಯಲ್ಲಿ ಉದುರಿ ಬೀಳುವ ಹೂವು, ಇನ್ನೊಂದು ದನ ಮೇಯುವ ಹುಲ್ಲು. ಮಹಾಕವಿಗೆ ವೈಭವವನ್ನು ವರ್ಣಿಸಲು ಬಾರದೆ ಹೀಗೆ ಬರೆದನೆಂದು ಯಾರೂ ಹೇಳಲಾರರು.

ಹೂವು ಕಟ್ಟುವುದು ಪೂರ್ವಕಾಲದಲ್ಲಿ ಕಲೆಯೆನಿಸಿದ್ದಿತು. ವಾತ್ಸ್ಯಾಯನನು ಕಾಮಸೂತ್ರದಲ್ಲಿ ಎಣಿಸಿರುವ 64 ಕಲೆಗಳಲ್ಲಿ ಮಾಲ್ಯಗ್ರಥನವೂ ಒಂದು. ಕನ್ನಡ ನಾಡಿನ ಶಾಸನಗಳಲ್ಲಿ ದೇವಾಲಯದ ಪೂದೋಂಟಕ್ಕೆ ಭೂಮಿ ಬಿಟ್ಟ ಸಂಗತಿಯು ಪದೇ ಪದೇ ಬರುತ್ತದೆ. 12ನೆಯ ಶತಮಾನದ ಶರಣರಲ್ಲಿ ಹೂಗಾರ ಮಾದಯ್ಯನಿಗೂ ಸ್ಥಾನವಿದ್ದಿತು. ಹರಿಹರ ಕವಿಯ ಪುಷ್ಪರಗಳೆಯಲ್ಲಂತೂ ಹಂಪೆಯ ವಿರೂಪಾಕ್ಷನಿಗೆ ಭಕ್ತನು ತಾನೇ ಹೂವು ಕೊಯ್ದು ತಾನೇ ಮಾಲೆ ಕಟ್ಟುವುದೇ ಕಾವ್ಯವಸ್ತುವಾಗಿದೆ. ಉತ್ತರದ ಜಿಲ್ಲೆಗಳ ಹಳ್ಳಿಗಳಲ್ಲಿ ಹೂಗಾರರು ಮನೆಮನೆಗೆ ಹೂವು ಪತ್ರಿಗಳನ್ನು ಒದಗಿಸಿ, ಸುಗ್ಗಿಯಲ್ಲಿ ದವಸವನ್ನು ಪಡೆಯುವ ವಾಡಿಕೆಯಿದ್ದಿತು. ಮದುವೆಯ ದಂಡೆ ಬಾಸಿಂಗಗಳೂ ಅವರ ಕೈಯವೇ. ಆ ವ್ಯವಸ್ಥೆಯಲ್ಲಿ ಹೂವಿಗೆಂದು ಒಮ್ಮೆಗೇ ದೊಡ್ಡ ಹಣವನ್ನು ತೆರುವ ಪ್ರಸಕ್ತಿಯು ಅಪೂರ್ವವಾಗಿದ್ದಿತು.

ಪಟ್ಟಣಗಳಲ್ಲಿ ಮಾತ್ರ ಹೂವು ಬಹುಕಾಲದಿಂದ ಕ್ರಯದ ವಸ್ತುವೇ. 1443ರಲ್ಲಿ ವಿಜಯನಗರಕ್ಕೆ ಬಂದ ಪಾರಸಿಕ ರಾಯಭಾರಿ ಅಬ್ದುಲ್ ರಜಾಕನು, ಅಲ್ಲಿ ಗುಲಾಬಿಯು ಎಲ್ಲೆಡೆಯಲ್ಲಿಯೂ ಮಾರಾಟವಾಗುತ್ತಿದ್ದುದನ್ನೂ, ಪುರಜನರು ಅದನ್ನು ಅನ್ನದಷ್ಟೇ ಅವಶ್ಯವೆಂದು ಎಣಿಸುತ್ತಿದ್ದುದನ್ನೂ ಬರೆದಿಟ್ಟಿರುವನು. ಮಾರಾಟವಿದ್ದಲ್ಲಿ ಅಳತೆಯೂ ಇರಬೇಕಷ್ಟೆ. ನಮ್ಮಲ್ಲಿ ಮೊಳ, ಮಾರು ಎಂಬುವು ರೂಢಿ. ನಾಲ್ಕು ಮೊಳಕ್ಕೆ ಒಂದು ಮಾರು. ಉಡುಪಿಯ ಕಡೆ ಬಾಳೆನಾರಿನಲ್ಲಿ ಕಟ್ಟಿದ ಮಲ್ಲಿಗೆಯನ್ನು ಚೆಂಡಿನ ಲೆಕ್ಕದಲ್ಲಿ ಕೊಡುವರು. ಚೆಂಡಿಗೆ ಸುಮಾರು 800 ಹೂವು. ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಲ್ಲಿನ ಶಂಕರಪುರದಲ್ಲಿ ಪ್ರತಿದಿನವೂ ದರವನ್ನು ನಿಶ್ಚಯಿಸುವ ಪದ್ಧತಿಯಿದೆ. ಚೆಂಡಿನಲ್ಲಿ ಮೋಸಕ್ಕೆ ಎಡೆ ಕಡಮೆ. ಮೊಳವಾದರೋ ಮಾರುವವರ ತೋಳಿನಂತೆ ಕುಗ್ಗುವುದುಂಟು, ಹಿಗ್ಗುವುದುಂಟು.

ಇನ್ನೊಂದು ಸಂಗತಿಯನ್ನು ಇಲ್ಲಿ ಹೇಳಬೇಕು. ಇಂದು ಯಾವುದನ್ನು ಸನಾತನವೆಂದು ತೋರಣಕ್ಕೆ ಕಟ್ಟುವೆವೋ ಆ ಚೆಂಡುಹೂವೂ, ವಧೂವರರ ಕೊರಳಿಗೆ ಹಾಕುವ ಸುಗಂಧರಾಜವೂ ಮೆಕ್ಸಿಕೋ ದೇಶದಿಂದ ಬಂದುವು. 1492ರಲ್ಲಿ ಕೊಲಂಬಸನು ಆ ಖಂಡವನ್ನು ಮುಟ್ಟಿದ ಮೇಲೆಯೇ ಅವು ಇತ್ತ ಬರುವ ಹಾದಿ ತೆರೆಯಿತು. ಕಾಳಿದಾಸನು ಇವನ್ನು ಕಂಡವನಲ್ಲ. ಹಾಗೆಂದು ಇವನ್ನು ಬಿಡಬೇಕೆಂದು ನಾನು ಹೇಳೆನು. ನೂರಾರು ವರ್ಷ ನಮ್ಮ ಹೊಲದಲ್ಲಿ ಬೆಳೆದುವು ನಮ್ಮವೇ ಆದುವು. ಗುತ್ತಿಗೆದಾರರ ಪಟ್ಟಿಯಲ್ಲಿದ್ದ ಜರ್ಬೆರಾ, ಆಂಥೂರಿಯಂಗಳ ಮಾತು ಬೇರೆ. ಮೊದಲನೆಯದರ ಮೂಲ ದಕ್ಷಿಣ ಆಫ್ರಿಕ, ಎರಡನೆಯದರದು ದಕ್ಷಿಣ ಅಮೆರಿಕ. ಅವನ್ನು ಚಪ್ಪರದ ಮನೆಗಳಲ್ಲಿ ಬಹಳ ವೆಚ್ಚದಿಂದ ಬೆಳೆಸುವರು. ಅವುಗಳಿಗೆ ಗಂಧವೂ ಇಲ್ಲ, ಮುಡಿಯಲೂ ಬಾರವು.

ದುಬಾರಿಯ ಮುಖ್ಯ ಕಾರಣವನ್ನು ಅಮರಸಿಂಹನು ಒಂದೇ ಪದದಲ್ಲಿ ಸೂಚಿಸಿರುವನು. ಮಲ್ಲಿಕೆಗೆ ಅವನು ಹೇಳುವ ಪರ್ಯಾಯಗಳಲ್ಲಿ ‘ಶೀತಭೀರು’ ಎಂಬುದೊಂದು; ಚಳಿಗೆ ಅಂಜುವಂಥದು ಎಂದರ್ಥ. ಬಾಲ್ಯದಲ್ಲಿ ಪಾಠಶಾಲೆಯಲ್ಲಿ ಇದನ್ನು ಬಾಯಿಪಾಠ ಮಾಡಿದ್ದೆನು. ಅರ್ಥವು ಮನಸ್ಸಿಗೆ ಹತ್ತಿದುದು ಈಗ ಹೂವಿನ ಪೇಟೆಯಲ್ಲಿ. ಮಾಘಮಾಸದ ಮುಹೂರ್ತಗಳಲ್ಲಿ ಗಿಡದಲ್ಲಿ ಮೊಗ್ಗಿಲ್ಲ, ಕೊಳ್ಳುವವರು ಮಾತ್ರ ನೂರು ಮಂದಿ. ಚೈತ್ರ ವೈಶಾಖಗಳಲ್ಲಿ ಮಲ್ಲಿಗೆಯು ಯಥೇಚ್ಛವಾಗಿ ಬಂದು ಬೆಲೆ ಇಳಿಯುವುದು. ಆಷಾಢದಲ್ಲಿ ಮದುವೆಗಳು ನಿಂತು ಪೇಟೆ ತಣ್ಣಗಾಗುವುದು. ಶ್ರಾವಣದ ವರಮಹಾಲಕ್ಷ್ಮೀವ್ರತಕ್ಕೆ ಪುನಃ ಏರುವುದು. ಫೆಬ್ರವರಿಯ ಮೊದಲ ಪಕ್ಷದಲ್ಲಿ ಪ್ರೇಮಿಗಳ ದಿನದ ನಿಮಿತ್ತ ಗುಲಾಬಿಗೆ ಎಲ್ಲಿಲ್ಲದ ಬೆಲೆ. ಲಗ್ನವನ್ನು ನಿಶ್ಚಯಿಸುವವರು ಪಂಚಾಂಗದೊಡನೆ ಹೂವಿನ ಋತುವನ್ನೂ ನೋಡುವುದು ಲೇಸು.

ನಮ್ಮ ಮನೆಯಲ್ಲಿ ನಡೆದುದನ್ನು ಹೇಳುವೆನು. ಮಗಳು ಹೂವನ್ನು ಮೂರು ಬಾಬ್ತುಗಳಾಗಿ ವಿಂಗಡಿಸಿದಳು: ದೇವರಿಗೆ, ಮೈಗೆ, ಮಂಟಪಕ್ಕೆ. ಮಂಟಪಕ್ಕೆ ಬಾಳೆಕಂದು, ಮಾವಿನ ತೋರಣ, ಬಂಧುಗಳ ತೋಟದಿಂದ ಬಂದ ಅಡಿಕೆಯ ಹೊಂಬಾಳೆ, ನಡುನಡುವೆ ಚೆಂಡುಹೂವು, ಇಷ್ಟರಿಂದಲೇ ತುಂಬಿತು. ಸೇವಂತಿಗೆ, ಚೆಂಡುಹೂವುಗಳನ್ನು ಮುಂಜಾನೆಯ ಸಗಟು ಪೇಟೆಯಲ್ಲಿ ಬಿಡಿಯಾಗಿ ತೂಕದ ಮೇಲೆ ತಂದೆವು. ಕಟ್ಟಿದುದನ್ನು ಮೊಳದ ಮೇಲೆ ಕೊಳ್ಳುವುದಕ್ಕಿಂತ ಇದು ಬಹಳ ಅಗ್ಗ. ಮುಡಿಯಲು ಕನಕಾಂಬರವನ್ನು ಹೆಚ್ಚಾಗಿಯೂ ಮಲ್ಲಿಗೆಯನ್ನು ಕಡಮೆಯಾಗಿಯೂ ಆರಿಸಿದೆವು. ಕನಕಾಂಬರಕ್ಕೆ ವಾಸನೆಯಿಲ್ಲದಿದ್ದರೂ ಅದು ಎರಡು ದಿನ ಬಾಡದು.

ನನ್ನಿಂದ ಒಂದು ತಪ್ಪು ಆಯಿತು. ಬೆಲೆ ಏರೀತೆಂಬ ಭಯದಿಂದ ಎರಡು ದಿನ ಮುಂಚಿತವಾಗಿಯೇ ಮಲ್ಲಿಗೆಯ ಮೊಗ್ಗನ್ನು ತಂದೆನು. ಬೆಳಗ್ಗೆ ಕೊಯ್ದ ಮೊಗ್ಗು ಅಂದಿನ ಸಂಜೆಗೇ ಅರಳುವುದು. ಮುಹೂರ್ತದ ಹೊತ್ತಿಗೆ ನಾನು ತಂದುದೆಲ್ಲವೂ ಕಂದಿಹೋಗಿದ್ದಿತು. ಹಿಂದಿನ ಮಧ್ಯಾಹ್ನ ಮತ್ತೆ ಕೊಂಡು, ರಾತ್ರಿ ಕಟ್ಟಿ, ಬಾಳೆಯೆಲೆಯಲ್ಲಿ ಸುತ್ತಿ, ಒದ್ದೆ ಬಟ್ಟೆಯ ಮೇಲಿಟ್ಟೆವು. ಮಿತವ್ಯಯಕ್ಕೆ ಹೊರಟವನು ಒಂದೇ ಹೂವಿಗೆ ಎರಡು ಸಲ ಹಣ ತೆತ್ತೆನು.

ಆ ರಾತ್ರಿ ಹೂವು ಕಟ್ಟಲು ನೆರೆಮನೆಯ ಹೆಂಗಸರೊಡನೆ ಪೇಟೆಯ ಹೂವಾಡಗಿತ್ತಿಯೊಬ್ಬಳೂ ಬಂದಳು. ಕೂಲಿಯನ್ನು ಎಷ್ಟು ತಗ್ಗಿಸಬಹುದೆಂದು ನಾನು ಲೆಕ್ಕ ಹಾಕುತ್ತಿದ್ದುದನ್ನು ಕಂಡು ಆಕೆ, “ಸ್ವಾಮಿ, ಹೂವು ಕಡಮೆ ಮಾಡಿ, ಕೈ ಕಡಮೆ ಮಾಡಬೇಡಿ” ಎಂದಳು. ನನಗೆ ನಾಚಿಕೆಯಾಯಿತು. ಕೇಳಿದಷ್ಟನ್ನೂ ಕೊಟ್ಟೆನು. ಮಿತವ್ಯಯವನ್ನು ಮಾಡತಕ್ಕವರು ಆಡಂಬರದಲ್ಲಿ ಮಾಡಬೇಕೇ ಹೊರತು ದುಡಿಯುವವರ ಕೂಲಿಯಲ್ಲಿ ಮಾಡಲಾಗದು.

ಕಡೆಗೆ ಆದ ವೆಚ್ಚವು ಪಟ್ಟಿಯ ಐದನೆಯ ಒಂದು ಪಾಲಿಗೂ ಕಡಮೆ. ಸಾಲವನ್ನು ಎತ್ತಲಿಲ್ಲ. ಮಂಟಪವು ಬಡವಾಯಿತೆಂದು ಬಂಧುಗಳಲ್ಲಿ ಇಬ್ಬರು ಆಡಿಕೊಂಡರೆಂದು ಕೇಳಿದೆನು. ಊರ ಹೊರಗಿನ ಇಪ್ಪೆಯ ಮರವು ಆಗತಾನೇ ಹೂ ಬಿಡುತ್ತಿದ್ದಿತು. ಮುಹೂರ್ತದ ದಿನ ನಸುಕಿನಲ್ಲಿ ಹೋಗಿ, ಉದುರಿದ್ದ ಹೂವನ್ನು ಆಯ್ದು, ಗರಿಕೆಯೊಡನೆ ಒಂದು ಮೊಳದಷ್ಟು ನಾನೇ ಕಟ್ಟಿದೆನು. ಗಂಟುಗಳು ಸರಿಯಾಗಿರಲಿಲ್ಲ. ಮಗಳು ಅದನ್ನೇ ಮೊದಲು ಮುಡಿದಳು. ಇತ್ಯಲಂ ವಿಸ್ತರೇಣ.