ಹೆರಿಗೆ ವಾರ್ಡಿನ ಜಗಳ ಮತ್ತು ಲಂಡನ್ನಿನ ಮುದ್ರೆ

ನಮ್ಮಲ್ಲಿ ಎಂಬಿಬಿಎಸ್ ಮುಗಿಸಿದ ಹುಡುಗಿಯೊಬ್ಬಳು ನೇರ ಬ್ರಿಟನ್ನಿಗೆ ಹೋಗಿ ರೋಗಿಯನ್ನು ನೋಡುವಂತಿಲ್ಲ. ಅಲ್ಲಿನ ಜನರಲ್ ಮೆಡಿಕಲ್ ಕೌನ್ಸಿಲ್ಲಿನ ಪಟ್ಟಿಯಲ್ಲಿ ಅವಳ ಹೆಸರು ಸೇರಬೇಕು. ಅದಕ್ಕೆ ಮೊದಲು ಇಂಗ್ಲಿಷ್ ಬರುತ್ತದೆಂದು ತೋರಿಸಬೇಕು. ಆಮೇಲೆ ಹೆಚ್ಚಿನವರು ಬರೆಯುವುದು ಪ್ಲ್ಯಾಬ್ ಎಂಬ ಪರೀಕ್ಷೆ. ಅದರ ಮೊದಲ ಭಾಗವನ್ನು ಭಾರತದಲ್ಲೇ ಬರೆಯಬಹುದು. ಎರಡನೆಯದಕ್ಕೆ ಮ್ಯಾಂಚೆಸ್ಟರಿಗೇ ಹೋಗಬೇಕು. ಅಲ್ಲಿ ರೋಗಿಯ ಪಾತ್ರ ಮಾಡುವವರು ಕೂತಿರುತ್ತಾರೆ. ಅವರ ಜೊತೆ ಹೇಗೆ ಮಾತಾಡುತ್ತಾಳೆ, ಹೇಗೆ ಪರೀಕ್ಷಿಸುತ್ತಾಳೆ ಎಂದು ನೋಡಿ ಅಂಕ ಕೊಡುತ್ತಾರೆ.

ಅವಳ ಅಜ್ಜನ ಕಾಲದ ಡಾಕ್ಟರಿಗೆ ಈ ಪರೀಕ್ಷೆ ಇರಲಿಲ್ಲ. ಹಡಗು ಹತ್ತಿದರೆ ಸಾಕಿತ್ತು. ಅದು ಯಾಕೆ ಬದಲಾಯಿತು ಎನ್ನುವುದೇ ಈ ಕಥೆ.

ಯಾರು ಡಾಕ್ಟರು, ಯಾರು ಅಲ್ಲ ಎಂದು ಪಟ್ಟಿ ಮಾಡಲು ಬ್ರಿಟನ್ 1858ರಲ್ಲಿ ಆ ಕೌನ್ಸಿಲ್ ಸ್ಥಾಪಿಸಿತು. 1886ರ ಕಾಯ್ದೆ ವಸಾಹತುಗಳ ಪದವಿಗೂ ಬಾಗಿಲು ತೆರೆಯಿತು. ಹೀಗೆ ನಮ್ಮ ವಿಶ್ವವಿದ್ಯಾಲಯಗಳ ಪದವಿಗೆ ಲಂಡನ್ನಿನ ಮುದ್ರೆ ಬಿತ್ತು.

ಜಗಳ ಶುರುವಾಗಿದ್ದು ಹೆರಿಗೆ ವಾರ್ಡಿನಿಂದ. ಪ್ರತಿ ವಿದ್ಯಾರ್ಥಿಯೂ ಇಂತಿಷ್ಟು ಹೆರಿಗೆಗಳನ್ನು ತಾನೇ ಮಾಡಿಸಿರಬೇಕು ಎಂದು ಲಂಡನ್ ಕೇಳುತ್ತಿತ್ತು. ಆದರೆ ನಮ್ಮ ಹೆಣ್ಣುಮಕ್ಕಳು ಹೆರಿಗೆಗೆ ಆಸ್ಪತ್ರೆಗೆ ಬರುತ್ತಿದ್ದುದೇ ಕಡಿಮೆ. ಮನೆಯಲ್ಲೇ, ಸೂಲಗಿತ್ತಿಯ ಕೈಯಲ್ಲಿ ಎಲ್ಲ ಮುಗಿಯುತ್ತಿತ್ತು. ಗಂಡು ವಿದ್ಯಾರ್ಥಿ ಹತ್ತಿರ ಬರುವುದನ್ನು ಯಾವ ಮನೆಯವರು ಒಪ್ಪುತ್ತಿದ್ದರು? 1922ರಲ್ಲಿ ಸರ್ ನಾರ್ಮನ್ ವಾಕರ್ ಇಲ್ಲಿಗೆ ಬಂದು ಕಾಲೇಜುಗಳನ್ನು ನೋಡಿ ಹೋದರು. ಹೆರಿಗೆ ತರಬೇತಿ ಸಾಲದು ಎಂಬ ದೂರು ನಿಲ್ಲಲಿಲ್ಲ. ದೂರಿನಲ್ಲಿ ಸತ್ಯವೂ ಇತ್ತು, ಅದನ್ನು ಒಪ್ಪಲೇಬೇಕು. ಹೆರಿಗೆಯನ್ನೇ ನೋಡದ ಡಾಕ್ಟರು ಯಾವ ಊರಿಗೂ ಬೇಡ.

ಆದರೆ ನಮ್ಮ ಕಾಲೇಜುಗಳನ್ನು ತಪಾಸಣೆ ಮಾಡುವ ಅಧಿಕಾರಿ ಯಾರ ಮನುಷ್ಯನಾಗಿರಬೇಕು ಎನ್ನುವಲ್ಲಿಗೆ ಬಂದಾಗ ವಿಷಯ ರಾಜಕೀಯವಾಯಿತು. ಲಂಡನ್ನಿಗೆ ಒಪ್ಪಿಗೆಯಾದ ವ್ಯವಸ್ಥೆಯನ್ನು ಇಲ್ಲಿನ ಪ್ರತಿನಿಧಿಗಳು ಒಪ್ಪಲಿಲ್ಲ. 1930ರಲ್ಲಿ ಕೌನ್ಸಿಲ್ ಭಾರತದ ವೈದ್ಯ ಪದವಿಗಳಿಗೆ ಮಾನ್ಯತೆ ನಿಲ್ಲಿಸಿತು. ಗಾಂಧೀಜಿ ಉಪ್ಪಿನ ಸತ್ಯಾಗ್ರಹ ನಡೆಸಿದ್ದೂ ಅದೇ ವರ್ಷ.

ಇದರಿಂದಲೇ ನಮಗೆ ನಮ್ಮದೇ ಕೌನ್ಸಿಲ್ ಬಂತು. 1933ರಲ್ಲಿ ಕಾಯ್ದೆ, ಮರುವರ್ಷ ಮೆಡಿಕಲ್ ಕೌನ್ಸಿಲ್ ಆಫ್ ಇಂಡಿಯಾ. ಕೆಲವೇ ವರ್ಷಗಳಲ್ಲಿ ಲಂಡನ್ ಮತ್ತೆ ಮಾನ್ಯತೆ ಕೊಟ್ಟಿತು. ಆದರೆ ಈ ಕೆಲಸದಲ್ಲಿ ಒಂದು ಅನ್ಯಾಯ ಸೇರಿಕೊಂಡಿತು, ಹಳ್ಳಿಯವರು ಇದನ್ನು ತಿಳಿಯಬೇಕು. ಹಿರಿಯರು ಈಗಲೂ 'ಎಲ್‌ಎಂಪಿ ಡಾಕ್ಟರು' ಎಂದು ನೆನೆಯುತ್ತಾರಲ್ಲ, ಮೆಡಿಕಲ್ ಸ್ಕೂಲಿನಲ್ಲಿ ಓದಿ ಸಣ್ಣ ಊರುಗಳ ದವಾಖಾನೆ ನಡೆಸುತ್ತಿದ್ದವರು, ಅವರನ್ನು ಆ ಕಾಯ್ದೆ ಹೊರಗಿಟ್ಟಿತು. ಲಂಡನ್ ಒಪ್ಪುವ ಮಟ್ಟ ಬೇಕಿತ್ತು. ಅವರದು ವಿಶ್ವವಿದ್ಯಾಲಯದ ಪದವಿ ಆಗಿರಲಿಲ್ಲ. ಅವರು ವರ್ಷಗಟ್ಟಲೆ ಪ್ರತಿಭಟಿಸಿದರು. ಸ್ವಾತಂತ್ರ್ಯದ ಹೊತ್ತಿಗೆ ಆ ಕೋರ್ಸನ್ನೇ ಮುಚ್ಚುವ ಮಾತು ಬಂತು, ಮುಚ್ಚಿತು.

ಅತ್ತ ಬ್ರಿಟನ್ 1948ರ ಜುಲೈ 5ರಂದು ಎಲ್ಲರಿಗೂ ಉಚಿತ ಚಿಕಿತ್ಸೆಯ ವ್ಯವಸ್ಥೆ ಆರಂಭಿಸಿತು. ಎನ್‌ಎಚ್‌ಎಸ್ ಎನ್ನುತ್ತಾರೆ. ಡಾಕ್ಟರು ಸಾಲಲಿಲ್ಲ, ಅವರದೇ ಡಾಕ್ಟರುಗಳು ಕೆನಡಾ, ಆಸ್ಟ್ರೇಲಿಯಾ, ಅಮೆರಿಕ ಎಂದು ಹೊರಟಿದ್ದರು. ಆಗ ನಮ್ಮವರು ಸಾವಿರಾರು ಸಂಖ್ಯೆಯಲ್ಲಿ ಹೋದರು, ಹಳೆಯ ಮಾನ್ಯತೆಯ ಮೇಲೆಯೇ. ಸಿಕ್ಕಿದ್ದು ಯಾವ ಕೆಲಸ? ವೃದ್ಧರ ವಾರ್ಡು, ಮನೋರೋಗ ವಿಭಾಗ, ವೇಲ್ಸಿನ ಗಣಿ ಊರುಗಳು. ಅಲ್ಲಿನ ಡಾಕ್ಟರಿಗೆ ಬೇಡವಾದ ಜಾಗಗಳು. ನಮ್ಮ ಹಳ್ಳಿಯ ಪಿಎಚ್‌ಸಿಗೆ ಡಾಕ್ಟರು ಬರುವುದಿಲ್ಲ ಎನ್ನುವ ಗೋಳು ಅವರಿಗೂ ಇತ್ತು. ಅವರ ಗೋಳನ್ನು ನಮ್ಮವರು ತೀರಿಸಿದರು.

1975ರಲ್ಲಿ ಕೌನ್ಸಿಲ್ ಭಾರತದ ಪದವಿಗೆ ಮತ್ತೆ ಮಾನ್ಯತೆ ತೆಗೆಯಿತು. ಪರೀಕ್ಷೆ ಶುರುವಾದದ್ದೂ ಆಗಲೇ. ಅದೇ ಮುಂದೆ ಪ್ಲ್ಯಾಬ್ ಆಯಿತು. ಪಾಸಾದವರಿಗೂ ಬಹುಕಾಲ ಸೀಮಿತ ನೋಂದಣಿಯಷ್ಟೇ, ಮೇಲಿನವರ ನಿಗಾದಲ್ಲಿ ದುಡಿಯಬೇಕು. ಅದು ನಿಂತದ್ದು 2007ರಲ್ಲಿ. ಅದರ ಹಿಂದಿನ ವರ್ಷ ವೀಸಾ ನಿಯಮ ಬಿಗಿಯಾಗಿ, ತರಬೇತಿಗೆಂದು ಹೋಗಿದ್ದ ನಮ್ಮ ಕಿರಿಯ ಡಾಕ್ಟರುಗಳು ಅತಂತ್ರರಾದರು. ಭಾರತೀಯ ಮೂಲದ ವೈದ್ಯರ ಸಂಘವಾದ ಬಾಪಿಯೋ ಕೋರ್ಟಿಗೆ ಹೋಯಿತು. 2008ರಲ್ಲಿ ಹೌಸ್ ಆಫ್ ಲಾರ್ಡ್ಸ್ ಅವರ ಪರ ತೀರ್ಪು ಕೊಟ್ಟಿತು.

ಈಗ ತಕ್ಕಡಿಯ ಇನ್ನೊಂದು ತಟ್ಟೆ ನೋಡಿ. ಹೊರದೇಶದಲ್ಲಿ ಓದಿ ಬಂದ ನಮ್ಮವರಿಗೆ 2002ರಿಂದ ಭಾರತವೇ ಪರೀಕ್ಷೆ ಇಟ್ಟಿದೆ. ಎಫ್‌ಎಂಜಿಇ, 300 ಪ್ರಶ್ನೆ, ಪಾಸಾಗಲು 150 ಅಂಕ. ಚೀನಾ, ರಷ್ಯಾ, ಯುಕ್ರೇನ್‌ಗಳಿಂದ ಬಂದ ಎಷ್ಟೋ ಮಕ್ಕಳು ಇದನ್ನು ಮತ್ತೆ ಮತ್ತೆ ಬರೆಯುತ್ತಾರೆ. 2022ರಲ್ಲಿ ಯುಕ್ರೇನ್ ಯುದ್ಧ ಶುರುವಾದಾಗ ಹಾವೇರಿ ಜಿಲ್ಲೆಯ ವಿದ್ಯಾರ್ಥಿಯೊಬ್ಬ ಖಾರ್ಕಿವ್‌ನಲ್ಲಿ ಜೀವ ಬಿಟ್ಟದ್ದು ನಿಮಗೆ ನೆನಪಿರಬಹುದು. ಇಲ್ಲಿ ಸೀಟು ಸಿಗದೆ, ಖಾಸಗಿ ಕಾಲೇಜಿನ ಫೀಸು ಕಟ್ಟಲಾಗದೆ ಅಲ್ಲಿಗೆ ಹೋಗುವ ಮಕ್ಕಳ ಕಷ್ಟ ಆಗ ಊರೂರಿಗೆ ಗೊತ್ತಾಯಿತು.

ನಮ್ಮ ಕೌನ್ಸಿಲ್ಲಿನ ಜಾಗಕ್ಕೆ 2020ರಲ್ಲಿ ಬಂದ ರಾಷ್ಟ್ರೀಯ ವೈದ್ಯಕೀಯ ಆಯೋಗ, ಮರುವರ್ಷ ನಿಯಮವನ್ನು ಇನ್ನೂ ಬಿಗಿ ಮಾಡಿತು. ಹೊರಗಿನ ಕೋರ್ಸು ಕನಿಷ್ಠ 54 ತಿಂಗಳಿರಬೇಕು, ಇಂಗ್ಲಿಷಿನಲ್ಲಿ ಇರಬೇಕು. ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್, ಇಲ್ಲಿಗೆ ಬಂದ ಮೇಲೆ ಮತ್ತೆ 12 ತಿಂಗಳು. ಇದರ ಜೊತೆಗೆ, ಓದಿದ ದೇಶದಲ್ಲೇ ಡಾಕ್ಟರಾಗಿ ಕೆಲಸ ಮಾಡುವ ಅರ್ಹತೆ ಆ ಪದವಿಗೆ ಇರಬೇಕು. ಏಜೆಂಟರು ಮನೆಗೆ ಬಂದು ಅಡ್ವಾನ್ಸ್ ಕೇಳಿದಾಗ ಹಾಸ್ಟೆಲ್ ಊಟದ ಬಗ್ಗೆ ಎಲ್ಲರೂ ವಿಚಾರಿಸುತ್ತಾರೆ. ಈ ಕೊನೆಯದನ್ನು ಮೊದಲು ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ಇಸಿದುಕೊಳ್ಳಿ.