ಹೆಸರಿನ ಮೇಲೆ ಅಡ್ಡಗೆರೆ

2007ರ ಮೇ ಕೊನೆ. ಪುಣೆಯಲ್ಲಿ ಕೆಲಸ ಹೊಸತು. ರಾತ್ರಿ ಹ್ಯಾರಿ ಪಾಟರ್ ಅಭಿಮಾನಿಗಳು ಬರೆದ ಕತೆ ಓದುವುದು ನನ್ನ ಚಟ. ಒಂದು ದಿನ ನೋಡಿದರೆ ಲೈವ್‌ಜರ್ನಲ್‌ನಲ್ಲಿ ಸುಮಾರು 500 ಖಾತೆಗಳ ಹೆಸರಿನ ಮೇಲೆ ಅಡ್ಡಗೆರೆ! ಮಕ್ಕಳಿಗೆ ಕೇಡು ಬಗೆಯುವವರನ್ನು ತೆಗೆಯಲು ಹೊರಟ ಕಂಪನಿ, ಆಸಕ್ತಿ ಪಟ್ಟಿಯ ಪದ ನೋಡಿಯೇ ಕತ್ತರಿ ಆಡಿಸಿತ್ತು. 'ಲೋಲಿಟಾ' ಕಾದಂಬರಿ ಚರ್ಚಿಸುತ್ತಿದ್ದ ಸ್ಪ್ಯಾನಿಷ್ ಓದುಗರ ಗುಂಪೂ ಹೋಯಿತು. ಆಮೇಲೆ ಕ್ಷಮೆ ಕೇಳಿ ಹಲವು ಖಾತೆಗಳನ್ನು ಮರಳಿಸಿದರು. ಆದರೆ ಬಾಡಿಗೆ ಮನೆಯ ಅಳುಕು ಹೋಗಲಿಲ್ಲ. ಅದನ್ನು ನಮ್ಮಂಥವರಿಗೆ ಬಿಡಿಸಿ ಹೇಳಬೇಕೆ?

ಅದೇ ವರ್ಷ ಅಭಿಮಾನಿಗಳು ಸ್ವಂತ ಸಂಸ್ಥೆ ಕಟ್ಟಿದರು. 2009ರ ನವೆಂಬರಿನಲ್ಲಿ 'ಆರ್ಕೈವ್ ಆಫ್ ಅವರ್ ಓನ್' ತೆರೆಯಿತು. ಸಂಬಳವಿಲ್ಲದ ಸ್ವಯಂಸೇವಕರು, ಬಹುಪಾಲು ಹೆಂಗಸರು. ಕೆಲವರು ರೂಬಿ ಕಲಿತದ್ದೇ ಇದಕ್ಕಾಗಿ. ಇಂಥ ಟೀಮು ನನಗಿನ್ನೂ ಸಿಕ್ಕಿಲ್ಲ. 2019ರಲ್ಲಿ ಹ್ಯೂಗೊ ಪ್ರಶಸ್ತಿಯೂ ಬಂತು.

ಸ್ವಂತ ಮನೆಯೇನೋ ಆಯಿತು, ಒಳಗೆ ಯಾರಿಗೆ ಜಾಗ? 2009ರ ಆರಂಭದಲ್ಲೇ ವಿಜ್ಞಾನ ಕಥಾ ಓದುಗರ ನಡುವೆ, ಬಿಳಿಯರಲ್ಲದವರ ಚಿತ್ರಣದ ಬಗ್ಗೆ ತಿಂಗಳುಗಟ್ಟಲೆ ಜಗಳ ನಡೆದಿತ್ತು. 'ರೇಸ್‌ಫೇಲ್' ಎಂದೇ ಅದರ ಹೆಸರು. ಗುಪ್ತನಾಮದಲ್ಲಿದ್ದ ಒಬ್ಬರ ನಿಜ ಹೆಸರನ್ನು ಬಯಲು ಮಾಡಿದ್ದೂ ಆಗಲೇ.

ನನ್ನದೂ ಇಂಗ್ಲಿಷ್ ಗುಪ್ತನಾಮ. ಹ್ಯಾರಿಯ ಶಾಲೆಯಲ್ಲಿ ಪಾರ್ವತಿ, ಪದ್ಮಾ ಪಾಟೀಲ ಎಂಬ ಅವಳಿಗಳಿದ್ದಾರಲ್ಲ, ಒಂದು ಕತೆಯ ಕೆಳಗೆ ಯಾರೋ ಅವರ ಮನೆಯ ಅಡುಗೆ ವಾಸನೆಯ ಬಗ್ಗೆ ಹೊಲಸಾಗಿ ನಕ್ಕಿದ್ದರು. ಬಿಜಾಪುರದ ನಮ್ಮ ಓಣಿಯಲ್ಲೇ ನಾಲ್ಕು ಪಾಟೀಲರ ಮನೆ. ಆದರೂ ನಾನೂ ಒಂದು ನಗುಮುಖ ಹಾಕಿದೆ.

2020ರ ಜೂನಿನಲ್ಲಿ ಆ ಸಂಸ್ಥೆ ವರ್ಣದ್ವೇಷದ ವಿರುದ್ಧ ಕ್ರಮದ ಮಾತು ಕೊಟ್ಟಿತು. 2023ರಲ್ಲಿ ಅಭಿಮಾನಿಗಳೇ ಅಭಿಯಾನ ಮಾಡಿ ಲೆಕ್ಕ ಕೇಳಿದರು. ಅದನ್ನು ಓದುತ್ತ ನನ್ನ ಹಳೆಯ ನಗುಮುಖವನ್ನು ಹುಡುಕಿದೆ. ಅಲ್ಲೇ ಇತ್ತು.